ಮಾತಿಗೆ ಜೊತೆಯಾಗುವ ಪರದೆ

ಸಾಮಾಜಿಕ ಸಂವಹನದಲ್ಲಿ ತೊಡಕು, ಒಂದೇ ಕ್ರಿಯೆಯ ಪುನರಾವರ್ತನೆ ಮೊದಲಾದ ಲಕ್ಷಣಗಳಿರುವ ನರವಿಕಾಸದ ಸ್ಥಿತಿಯನ್ನು ಆಟಿಸಂ ಅಥವಾ ಸ್ವಲೀನತೆ ಎನ್ನಲಾಗುತ್ತದೆ. ಈ ಸ್ಥಿತಿಯಿರುವ ಮಕ್ಕಳಲ್ಲಿ ಹಲವರು ಕೇಳಿದ್ದಕ್ಕಿಂತ ಕಂಡದ್ದನ್ನು ಸುಲಭವಾಗಿ ಗ್ರಹಿಸುತ್ತಾರೆ. ಚಿತ್ರದ ಚೀಟಿ ಕೊಟ್ಟು ಬೇಕಾದ ವಸ್ತುವನ್ನು ಪಡೆಯುವ ‘ಪೆಕ್ಸ್’ ಪದ್ಧತಿ 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ರೂಪುಗೊಂಡಿತು. ಅದೇ ತತ್ತ್ವವನ್ನು ಇಂದಿನ ಟ್ಯಾಬ್ಲೆಟ್ ಆ್ಯಪ್‌ಗಳು ಧ್ವನಿಯೊಡನೆ ಮುಂದುವರಿಸಿವೆ.

ಚೆನ್ನೈನಲ್ಲಿ ಅಜಿತ್ ನಾರಾಯಣನ್ ಅವರ ಸಂಸ್ಥೆ ರೂಪಿಸಿದ ‘ಆವಾಜ್’ ಆ್ಯಪ್‌ನಲ್ಲಿ, ನೀರು, ಬೇಕು ಎಂಬರ್ಥದ ಚಿತ್ರಗಳನ್ನು ಮಗು ಒಂದಾದ ಮೇಲೊಂದರಂತೆ ಮುಟ್ಟಿದರೆ, ಅವು ಪರದೆಯ ಮೇಲ್ಭಾಗದಲ್ಲಿ ಸಾಲಾಗಿ ಕೂಡಿಕೊಂಡು ವಾಕ್ಯವಾಗಿ ಕೇಳಿಸುತ್ತವೆ. ಯಂತ್ರಕ್ಕೆ ಒಗ್ಗಿದ ಮಗು ಸಂವಹನದಲ್ಲಿ ಹಿಂದುಳಿದೀತೆಂಬ ಪೋಷಕರ ಆತಂಕ ಸಹಜವಾದುದು. ಆದರೆ ಸಂಶೋಧಕಿ ಕಾನಿ ಕಸಾರಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ, 5ರಿಂದ 8 ವರ್ಷದ, ಮಾತು ತೀರಾ ಕಡಿಮೆಯಿದ್ದ 61 ಮಕ್ಕಳ ಅಧ್ಯಯನದಲ್ಲಿ, ಆಟದೊಡನೆ ಬೆರೆತ ಚಿಕಿತ್ಸೆಗೆ ಮಾತಾಡುವ ಸಾಧನವನ್ನು ಮೊದಲಿನಿಂದಲೇ ಸೇರಿಸಿದ್ದ ಗುಂಪು ತಾನಾಗಿಯೇ ಹೆಚ್ಚು ಸಂವಹನ ನಡೆಸಿತು.

ಆ ಅಧ್ಯಯನದಲ್ಲಿ ಚಿಕಿತ್ಸಕರು ಮಗುವಿನ ಜೊತೆಗೇ ಕುಳಿತು ಸ್ಪಂದಿಸುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಮನೆಯಲ್ಲಿಯೂ ಹಿರಿಯರು ಪಕ್ಕದಲ್ಲಿದ್ದು, ಮಗು ಒತ್ತಿದ ಪದವನ್ನು ತಾವೂ ಬಾಯಿಬಿಟ್ಟು ಹೇಳಿ, ಕೂಡಲೇ ನೀರಿನ ಲೋಟವನ್ನು ಅದರ ಕೈಗಿತ್ತಾಗ ಚಿತ್ರಕ್ಕೂ ವಸ್ತುವಿಗೂ ನಂಟು ಬೆಳೆಯುತ್ತದೆ. ಆ್ಯಪ್ ಚಿಕಿತ್ಸೆಗೆ ಪೂರಕವೇ ಹೊರತು ಪರ್ಯಾಯವಲ್ಲ.