ಹಾಲು-ತುಪ್ಪವಿಲ್ಲದ ದರ್ಶಿನಿ

ಹಾಲು, ಮೊಸರು, ತುಪ್ಪವನ್ನೂ ಬಿಟ್ಟ ಸಸ್ಯಾಹಾರಕ್ಕೆ 'ವೀಗನ್' ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಬಣಕಲ್ ಸೀಮೆಗೆ ಹೆಸರು ಹೊಸದು, ತಿಂಡಿಯಲ್ಲ. ಪಕ್ಕದ ಕೊಟ್ಟಿಗೆಹಾರಕ್ಕೆ ಹೆಸರು ತಂದ ನೀರುದೋಸೆಯನ್ನೇ ನೋಡಿ: ಅಕ್ಕಿ, ನೀರು, ಉಪ್ಪು, ಅಷ್ಟೆ. ಹಿಟ್ಟು ಹುಳಿ ಬರಲೆಂದು ಕಾಯಬೇಕಿಲ್ಲ. ಜೊತೆಗೆ ಕಾಯಿಚಟ್ನಿ, ಇಲ್ಲವೇ ಬೆಲ್ಲ ಬೆರೆಸಿದ ಕಾಯಿಹಾಲು.

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೂಡಿಗೆರೆಯ ಬಸ್ಸು ಹತ್ತುವ ವಿದ್ಯಾರ್ಥಿಗೆ ಬೇಕಾದದ್ದು ಬೇಗ ಸಿಗುವ, ಕೈಗೆಟಕುವ ಇಂಥ ತಿಂಡಿಯೇ. ಇದಕ್ಕೆ ದಾರಿ ತೋರಿದವರು ಆರ್. ಪ್ರಭಾಕರ್. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅವರು ಆರಂಭಿಸಿದ 'ಕೆಫೆ ದರ್ಶಿನಿ'ಯ ಪದ್ಧತಿ ಸರಳ: ಟೋಕನ್ ಕೊಂಡು, ತಟ್ಟೆ ಪಡೆದು, ನಿಂತೇ ತಿನ್ನುವುದು. ಜಾಗ, ಸಂಬಳ ಎರಡರಲ್ಲೂ ಉಳಿತಾಯ. ಅದರ ಲಾಭ ಗಿರಾಕಿಗೆ.

ಕಾಲೇಜಿನ ಬಳಿ ಹೋಟೆಲು ತೆರೆಯುವವರು ನಾಲ್ಕೇ ತಿಂಡಿ ಇಟ್ಟರೆ ಸಾಕು: ನೀರುದೋಸೆ, ಕಡುಬು, ಅಕ್ಕಿರೊಟ್ಟಿ, ಚಿತ್ರಾನ್ನ. ಸಾಮಾನು ಹಾಳಾಗದು. ರಜೆಯ ತಿಂಗಳುಗಳ ಬಾಡಿಗೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಕಡ್ಡಾಯ. ಕಾಫಿ ಸೀಮೆಯಲ್ಲಿ ಹಾಲಿಲ್ಲದ ಕಾಫಿಯೇ ಎನ್ನಬೇಡಿ. ಬೆಲ್ಲದ ಕಪ್ಪು ಕಾಫಿ ಮಲೆನಾಡಿಗೆ ಹಳೆಯ ನೆಂಟ.

ಪಾಲಕರಿಗೊಂದು ಮಾತು. ಬರೀ ಅಕ್ಕಿ ಸಾಲದು. ಹೆಸರುಕಾಳು, ಕಡಲೆಯ ಉಸಲಿಯೂ ತಟ್ಟೆಯಲ್ಲಿರಲಿ. ಹಾಲನ್ನೂ ಪೂರ್ತಿ ಬಿಟ್ಟವರಿಗೆ ಬಿ-12 ಜೀವಸತ್ವದ ಕೊರತೆ ಕಾಡಬಹುದು. ಮಕ್ಕಳು ಆ ದಾರಿ ಹಿಡಿದರೆ ಬೈಯುವ ಬದಲು ವೈದ್ಯರ ಸಲಹೆ ಕೇಳಿ.