ಬರೆದಾಗಷ್ಟೇ ನಕಲು

ನಾಲ್ಕು ಜಿಬಿಯ ವಿಡಿಯೊ ಫೈಲೊಂದನ್ನು ಈಗಿನ ಮ್ಯಾಕ್ ಕಂಪ್ಯೂಟರಿನಲ್ಲಿ ‘ಡೂಪ್ಲಿಕೇಟ್’ ಮಾಡಿ ನೋಡಿ. ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಎರಡನೇ ಫೈಲು ಸಿದ್ಧ. ಡಿಸ್ಕಿನ ಖಾಲಿ ಜಾಗವೂ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಡಿಸ್ಕು ಎಷ್ಟೇ ಚುರುಕಾಗಿದ್ದರೂ ಜಾಗ ಉಳಿಸಲಾರದು. ಅಸಲಿಗೆ ಅಲ್ಲಿ ವಿಡಿಯೊ ನಕಲಾಗಿಯೇ ಇಲ್ಲ.

ಫೈಲಿನೊಳಗೆ ಎರಡು ಸಂಗತಿಗಳಿವೆ. ಒಂದು, ಡಿಸ್ಕಿನ ಬ್ಲಾಕುಗಳಲ್ಲಿ ಕೂತ ದತ್ತಾಂಶ. ಇನ್ನೊಂದು, ಯಾವ ತುಣುಕು ಯಾವ ಬ್ಲಾಕಿನಲ್ಲಿದೆ ಎಂದು ಹೇಳುವ ಪಟ್ಟಿ. ಮಾಮೂಲಿ ನಕಲಿನಲ್ಲಿ ಎರಡೂ ಹೊಸದಾಗಿ ಬರೆಯಲ್ಪಡುತ್ತವೆ. ‘ಕಾಪಿ ಆನ್ ರೈಟ್’ ಪದ್ಧತಿಯಲ್ಲಿ ಹೊಸದಾಗುವುದು ಪಟ್ಟಿ ಮಾತ್ರ. ಎರಡೂ ಪಟ್ಟಿಗಳು ಅವೇ ಬ್ಲಾಕುಗಳತ್ತ ಬೆರಳು ಮಾಡುತ್ತವೆ. ಒಂದೊಂದು ಬ್ಲಾಕಿಗೆ ಎಷ್ಟು ಹಕ್ಕುದಾರರಿದ್ದಾರೆ ಎಂಬ ಲೆಕ್ಕವನ್ನು ಡಿಸ್ಕಿನ ಫೈಲುಗಳನ್ನು ನಿಭಾಯಿಸುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್, ಇಟ್ಟುಕೊಳ್ಳುತ್ತದೆ.

ನಿಜವಾದ ನಕಲು ನಡೆಯುವುದು ಯಾರಾದರೂ ಫೈಲನ್ನು ತಿದ್ದಿದಾಗ. ನಾಲ್ಕು ಜಿಬಿ ಎಂದರೆ ನಾಲ್ಕು ಕೆಬಿಯ ಹತ್ತು ಲಕ್ಷಕ್ಕೂ ಹೆಚ್ಚು ಬ್ಲಾಕುಗಳು. ಅದರಲ್ಲಿ ಒಂದನ್ನು ತಿದ್ದಿದರೆ ಹಳೆಯ ಬ್ಲಾಕಿನ ಮೇಲೆ ಬರೆಯದೆ, ಖಾಲಿ ಬ್ಲಾಕೊಂದನ್ನು ಹುಡುಕಿ ತಿದ್ದಿದ ರೂಪವನ್ನು ಅಲ್ಲಿ ಬರೆದು, ಆ ಫೈಲಿನ ಪಟ್ಟಿಯಲ್ಲಿ ವಿಳಾಸ ಬದಲಿಸಲಾಗುತ್ತದೆ. ಹಳೆಯ ಬ್ಲಾಕಿನ ಹಕ್ಕುದಾರರು ಒಬ್ಬರು ಕಡಿಮೆಯಾಗುತ್ತಾರೆ. ಲೆಕ್ಕ ಸೊನ್ನೆಗೆ ಇಳಿದಾಗಲೇ ಆ ಜಾಗ ಬಿಡುಗಡೆ. ಹಾರ್ಡ್ ಲಿಂಕಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಹಾರ್ಡ್ ಲಿಂಕಿನಲ್ಲಿ ಹೆಸರು ಎರಡು, ಫೈಲು ಒಂದೇ. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ಕಾಣುತ್ತದೆ.

ಸನ್ ಮೈಕ್ರೊಸಿಸ್ಟಮ್ಸ್ 2005ರಲ್ಲಿ ಹೊರತಂದ ಝಡ್‌ಎಫ್‌ಎಸ್ ಇಡೀ ಫೈಲ್ ಸಿಸ್ಟಮನ್ನೇ ಈ ತತ್ವದ ಮೇಲೆ ಕಟ್ಟಿತು. ಒರಾಕಲ್‌ನಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಆರಂಭಿಸಿದ ಬಿಟಿಆರ್‌ಎಫ್‌ಎಸ್ 2009ರಲ್ಲಿ ಲಿನಕ್ಸ್ ಕರ್ನೆಲ್ ಸೇರಿತು. ಆಪಲ್‌ನ ಎಪಿಎಫ್‌ಎಸ್ 2017ರಲ್ಲಿ ಐಫೋನಿಗೂ ಮ್ಯಾಕ್‌ಗೂ ಬಂತು. ಫೈಲು ನಕಲಿಸುವ ಲಿನಕ್ಸಿನ ‘ಸಿಪಿ’ ಆದೇಶವೂ 2021ರಿಂದ, ಸಾಧ್ಯವಿದ್ದೆಡೆ ತಾನಾಗಿಯೇ ಈ ದಾರಿ ಹಿಡಿಯುತ್ತದೆ. ಆದರೆ ಲಿನಕ್ಸಿನಲ್ಲಿ ಬಹಳ ಮಂದಿ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮಿನಲ್ಲಿ ಈ ಸೌಲಭ್ಯವಿಲ್ಲ. ಪೆನ್‌ಡ್ರೈವ್‌ನಂಥ ಬೇರೆ ಡಿಸ್ಕಿಗೆ ಸಾಗಿಸುವಾಗಲೂ ಈ ಉಪಾಯ ನಡೆಯದು. ಒಂದು ಡಿಸ್ಕಿನ ಪಟ್ಟಿ ಇನ್ನೊಂದರ ಬ್ಲಾಕುಗಳನ್ನು ತೋರಿಸಲಾರದು.

ನಕಲಿನ ಖರ್ಚು ಹೀಗೆ ಮುಂದಕ್ಕೆ ಹೋಗುತ್ತದೆಯೇ ಹೊರತು ಮನ್ನಾ ಆಗುವುದಿಲ್ಲ. ಡಿಸ್ಕು ತುಂಬಿದ್ದರೆ, ಇರುವ ಫೈಲಿನ ನಡುವೆ ಒಂದಿಷ್ಟು ತಿದ್ದಲು ಹೋದಾಗಲೂ ‘ಜಾಗವಿಲ್ಲ’ ಎಂಬ ಉತ್ತರ ಬರಬಹುದು. ಜಾಗ ಮಾಡೋಣವೆಂದು ನಕಲನ್ನು ಅಳಿಸಿದರೆ ಜಾಗವೇನೂ ಸಿಗದಿರಬಹುದು, ಏಕೆಂದರೆ ಆ ಬ್ಲಾಕುಗಳ ಮೇಲೆ ಮೂಲ ಫೈಲಿನ ಹಕ್ಕು ಹಾಗೇ ಇದೆ. ಪದೇ ಪದೇ ತಿದ್ದುವ ಡೇಟಾಬೇಸ್ ಫೈಲುಗಳ ಬ್ಲಾಕುಗಳಂತೂ ಡಿಸ್ಕಿನ ತುಂಬ ಚದುರಿಹೋಗುತ್ತವೆ. ಅದಕ್ಕೇ ಬಿಟಿಆರ್‌ಎಫ್‌ಎಸ್‌ನಲ್ಲಿ ಅಂಥ ಫೈಲುಗಳಿಗೆ ಮಾತ್ರ ಈ ಪದ್ಧತಿಯನ್ನು ನಿಲ್ಲಿಸುವ ಅವಕಾಶವಿದೆ.

ಇಂಥ ನಕಲನ್ನು ಬ್ಯಾಕಪ್ ಎಂದು ನಂಬುವುದು ಎಲ್ಲಕ್ಕಿಂತ ದುಬಾರಿ. ಹಂಚಿಕೊಂಡ ಬ್ಲಾಕು ಕೆಟ್ಟರೆ ಎರಡು ಫೈಲೂ ಕೆಡುತ್ತವೆ. ಫೋಟೊವನ್ನೋ ಲೆಕ್ಕಪತ್ರವನ್ನೋ ತಿದ್ದುವ ಮೊದಲು ಹಳೆಯ ರೂಪ ಉಳಿಸಿಕೊಳ್ಳಲು ಇದು ಧಾರಾಳವಾಗಿ ಸಾಕು. ಡಿಸ್ಕೇ ಕೈಕೊಟ್ಟಾಗ ನೆರವಿಗೆ ಬರುವುದು ಇನ್ನೊಂದು ಡಿಸ್ಕಿನಲ್ಲಿರುವ ಪ್ರತಿ ಮಾತ್ರ.