ನಿಮಗಿದು ಗೊತ್ತೇ? ಫರೀದಾಬಾದಿನ ಪಿನ್‌ಕೋಡ್‌ಗಳ ಗಣಿತ

ಫರೀದಾಬಾದಿನ ಎನ್‌ಐಟಿ ಪ್ರದೇಶದ ಪಿನ್‌ಕೋಡ್ 121001 ಒಂದು ಅವಿಭಾಜ್ಯ ಸಂಖ್ಯೆ! 347ರವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಿ, ಯಾವುದಕ್ಕೂ ಜಗ್ಗುವುದಿಲ್ಲ. ಅದರಾಚೆ ನೋಡಬೇಕಿಲ್ಲ. 348ರ ವರ್ಗವೇ 121104, ಅಂದರೆ ಸಂಖ್ಯೆಯನ್ನು ದಾಟಿಯಾಯಿತು.

ಆರಂಕಿಯ ಸಂಖ್ಯೆಗಳು ಒಟ್ಟು 9 ಲಕ್ಷ. ಅವಿಭಾಜ್ಯಗಳು 68,906 ಮಾತ್ರ, ಹೆಚ್ಚುಕಡಿಮೆ 13ಕ್ಕೊಂದು. ಬೆಂಗಳೂರು ಜಿಪಿಒದ 560001 ಆ ಸಾಲಿಗೆ ಸೇರದು. ಅಂಕಿಗಳ ಮೊತ್ತ 12, ಹಾಗಾಗಿ 3ರಿಂದ ಭಾಗವಾಗುತ್ತದೆ.

121001 ಅನ್ನು 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. 1640ರಲ್ಲಿ ಗಣಿತಜ್ಞ ಫರ್ಮಾ ಹೇಳಿದ್ದ ಇದನ್ನು ಸಾಧಿಸಿ ತೋರಿಸಲು ನೂರು ವರ್ಷ ಕಳೆದು ಆಯ್ಲರ್ ಬರಬೇಕಾಯಿತು. ನಮ್ಮ ಸಂಖ್ಯೆಗೆ ಆ ಜೋಡಿ 124 ಮತ್ತು 325: 15376 + 105625 = 121001.

ಇದರಿಂದ ಇನ್ನೊಂದು ಲಾಭ. ಆ ಜೋಡಿಯ ಗುಣಲಬ್ಧದ ಇಮ್ಮಡಿ 80600, ವರ್ಗಗಳ ವ್ಯತ್ಯಾಸ 90249. ಈ ಎರಡು ಬಾಹುಗಳಿರುವ ಲಂಬಕೋನ ತ್ರಿಭುಜದ ವಿಕರ್ಣ ಕರಾರುವಾಕ್ಕಾಗಿ 121001.

ಹಳೇ ಫರೀದಾಬಾದಿನ 121002 ನನಗೆ ಇನ್ನೂ ಇಷ್ಟ. ಅದು 2 × 3 × 7 × 43 × 67, ಐದೂ ಬೇರೆ ಬೇರೆ ಅವಿಭಾಜ್ಯಗಳು. ಮೊದಲ ನಾಲ್ಕರ ಗುಣಲಬ್ಧ 1806. ಈಗ 1/2 + 1/3 + 1/7 + 1/43 + 1/1806 ಕೂಡಿಸಿ. ಸರಿಯಾಗಿ 1! ಹೀಗೆ ತನ್ನ ಅವಿಭಾಜ್ಯ ಅಪವರ್ತನಗಳ ಜೊತೆ ತಾನೂ ಸೇರಿ 1 ಆಗುವ ಸಂಖ್ಯೆಗಳು ತೀರಾ ಅಪರೂಪ. 1806ರ ನಂತರ ಸಿಗುವುದು 47058.

1 ಅನ್ನು ಹೀಗೆ ಅಂಶ 1 ಇರುವ ಭಿನ್ನರಾಶಿಗಳಾಗಿ ಒಡೆಯುವುದಕ್ಕೆ ಸೂತ್ರ ಕೊಟ್ಟವರಲ್ಲಿ ನಮ್ಮ ಮಹಾವೀರಾಚಾರ್ಯರೂ ಒಬ್ಬರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವರು ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅದಿದೆ. ಅವರ ದಾರಿ 3ರ ಘಾತಗಳದ್ದು: 1/2 + 1/3 + 1/9 + 1/27 + 1/54 = 1. ಎಷ್ಟು ಭಿನ್ನರಾಶಿ ಬೇಕೆಂದರೂ ಸೂತ್ರ ನಡೆಯುತ್ತದೆ. ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಇದನ್ನು ಹೇಳಿಕೊಡಲೇಬೇಕು.

ಪಿನ್‌ಕೋಡ್‌ನ ಮೊದಲ ಮೂರಂಕಿ 121 ಕೂಡ 3ರ ಘಾತಗಳ ಮೊತ್ತವೇ: 1 + 3 + 9 + 27 + 81. 11ರ ವರ್ಗವೆಂಬುದು ಎಲ್ಲರಿಗೂ ಗೊತ್ತು.

121002ರ ಭಾಜಕಗಳನ್ನು, ಅದೊಂದನ್ನು ಬಿಟ್ಟು, ಕೂಡಿಸಿದರೆ 166230. ಸಂಖ್ಯೆಗಿಂತ ಮೊತ್ತವೇ ದೊಡ್ಡದು. ಪಕ್ಕದ 121001ಕ್ಕೆ ಅದೇ ಲೆಕ್ಕ ಹಾಕಿದರೆ ಬರುವುದು ಬರೀ 1.

121003 ಎಂದರೆ 23 × 5261, ಎರಡೇ ಅವಿಭಾಜ್ಯ.

ಬಲ್ಲಭಗಢದ 121004ರಲ್ಲಿ 26ರ ವರ್ಗ ಅಡಗಿದೆ: 676 × 179. ಆ 179ನ್ನು ಇಮ್ಮಡಿಸಿ 1 ಸೇರಿಸಿದರೆ 359, ಅದೂ ಅವಿಭಾಜ್ಯ. 179ರಂಥ ಅವಿಭಾಜ್ಯಗಳಿಗೆ ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಹೆಸರಿದೆ. ಹೆಣ್ಣೆಂದು ತಿಳಿದರೆ ಅಪಹಾಸ್ಯ ಮಾಡಿಯಾರೆಂದು ಆಕೆ ಗಣಿತಜ್ಞ ಗೌಸ್‌ಗೆ ಗಂಡಸಿನ ಹೆಸರಿನಲ್ಲಿ ಪತ್ರ ಬರೆಯುತ್ತಿದ್ದರು.